ಹಂದನಕೆರೆಯ ನಲವತ್ತಮೂರು ಮದುವೆಗಳು

ಡಿಸೆಂಬರ್ 18, ಬುಧವಾರ. ಬೆಳಗ್ಗೆ 10

ಮತ್ತೆ ls ಹೊಡೆದೆ, ಒಳಗಿರುವ ಫೈಲುಗಳ ಹೆಸರು ಹೇಳಿಸುವ ಆಜ್ಞೆ. ಶಾನುಭೋಗ ಮತ್ತೆ ಮೊದಲಿನಿಂದ ಹಿಡಿದ — ‘ಅವಸರದ ಚಿಕ್ಕಪ್ಪ, ಬಿಳಿ ಮೀಸೆ, ಚಾಳೀಸು ಸರಿಮಾಡ್ಕೊಳ್ಳೋರು, ದೊಡ್ಡ ಮೂಗು...’ ಒಟ್ಟು ಸಾವಿರದ ಇನ್ನೂರು ಚಿಲ್ಲರೆ ಫೈಲು. ಪೂರ್ತಿ ಕೇಳಿಸಿಕೊಂಡರೆ ಊಟದ ಹೊತ್ತು ಮೀರುತ್ತದೆ. ಕಂಟ್ರೋಲ್ ಕೀ ಒತ್ತಿದರೆ ಬಾಯಿ ಮುಚ್ಚುತ್ತಾನೆ. ಅಷ್ಟರ ಮಟ್ಟಿಗೆ ಒಳ್ಳೆಯವನು.

ಶಾನುಭೋಗ ಎಂದರೆ ಕಂಪ್ಯೂಟರಿನ ಒಳಗಿಂದ ಓದಿ ಹೇಳುವ ದನಿ. ಹಾಕಿಕೊಟ್ಟವನು ಇಸ್ರಾರ್, ಹೆಸರಿಟ್ಟವನು ನಾನು. ಮೂಗಿನಲ್ಲೇ ಮಾತು, ಏರಿಳಿತವಿಲ್ಲ, ಯಾರ ಮುಲಾಜೂ ಇಲ್ಲ. ಪಹಣಿ ಓದುವವನಂತೆ ಓದುತ್ತಾನೆ.

ಇಸ್ರಾರ್ ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು. ಈಗ ಬಸ್ ಸ್ಟ್ಯಾಂಡ್ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ. ದಿನಾ ಬರೆಯಬೇಕಂತೆ. ‘ಲೇ ತೋಂಟ, ಬೆರಳಿಗೆ ದಾರಿ ಗೊತ್ತಾಗ್ಬೇಕು ಕಣ್ಲಾ. ಏನಾದ್ರೂ ಬರಿ, ತಾರೀಕು ಹಾಕಿ ಸೇವ್ ಮಾಡು. ನಾನೇನು ಓದಕ್ಕೆ ಬರಲ್ಲ ಬುಡು.’ ಸರಿ. ಬರೆಯುತ್ತಿದ್ದೇನೆ.

ಎಂಟು ತಿಂಗಳಾಯಿತು. ನೋಟದ ನಟ್ಟನಡುವೆ ಮಸಿ ಚೆಲ್ಲಿದೆ. ಅಂಚಿನಲ್ಲಿ ಎಲ್ಲ ಇದೆ — ಬಾಗಿಲು, ಕಾಲು, ಚಪ್ಪಲಿ, ಬೀದಿ. ಓಡಾಡಬಲ್ಲೆ. ಆದರೆ ಯಾವುದನ್ನು ನೋಡಲು ಹೋಗುತ್ತೇನೋ ಅದೇ ಇಲ್ಲ. ಅಕ್ಷರ ಇಲ್ಲ. ಮುಖ ಇಲ್ಲ. ಹಾಸನದ ಡಾಕ್ಟರು ಇನ್ನು ಹೆಚ್ಚಾಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ ಎಂದರು. ಮೌಸ್ ಹಿಡಿದರೆ ಬಾಣವೇ ಕಾಣುವುದಿಲ್ಲ. ಅದಕ್ಕೇ ಈ ಕಪ್ಪು ಪರದೆ. ಚಿತ್ರವಿಲ್ಲ, ಬಟನ್ನಿಲ್ಲ. ಟೈಪ್ ಮಾಡಿ ಕೇಳು, ಉತ್ತರ ಕಿವಿಗೆ ಹಾಕಿಕೊ.

ಗಿರಿಜಾ ಮಜ್ಜಿಗೆ ತಂದಿಟ್ಟು ಕೇಳಿದಳು, ‘ಯಾರ್ರೀ ಅದು ಅವಸರದ ಚಿಕ್ಕಪ್ಪ?’ ತುರುವೇಕೆರೆಯವನು ಎಂದೆ. ಬಸ್ಸು ತಪ್ಪುತ್ತದೆಂದು ಲಗ್ನಪತ್ರಿಕೆಯಲ್ಲಿ ತಾಳಿ ಕಟ್ಟುವ ಮುಹೂರ್ತವನ್ನೇ ತಪ್ಪು ಬರೆಸಿ ಹೋದವನು.

ಡಿಸೆಂಬರ್ 19, ಗುರುವಾರ. ಮಧ್ಯಾಹ್ನ 3

ಇಸ್ಮಾಯಿಲ್ ಸಾಹೇಬರು ಮನೆಗೆ ಬಂದಿದ್ದರು. ಜೊತೆಗೆ ಮಗ ಸಲ್ಮಾನ್. ಅವರ ಪ್ರೆಸ್ಸಿನಲ್ಲಿ ಇಪ್ಪತ್ನಾಲ್ಕು ವರ್ಷ ಲಗ್ನಪತ್ರಿಕೆ ಟೈಪ್ ಮಾಡಿದವನು ನಾನು. ಎಂಟು ತಿಂಗಳಿಂದ ನನ್ನ ಕುರ್ಚಿ ಖಾಲಿ. ಬೇರೆಯವರನ್ನು ಕೂರಿಸಿಲ್ಲ. ಹೇಳಿಕೊಂಡೂ ಇಲ್ಲ.

ಸಾಹೇಬರು ನೇರ ಹೇಳಿದರು. ‘ತೋಂಟಪ್ಪ, ಧನುರ್ಮಾಸದಾಗೆ ಕೆಲ್ಸ ಇಲ್ಲ. ಸಂಕ್ರಾಂತಿ ಕಳೀತಿದ್ದಂಗೆ ಜನ ಬತ್ತಾರೆ. ಬಂದೋರು ಏನಂತಾರೆ ನಿಂಗೇ ಗೊತ್ತಲ್ಲ.’

ಗೊತ್ತು. ‘ದೊಡ್ಡೋಳ ಮದ್ವೇದ್ರಂಗೇ ಇರ್ಲಿ ಸಾಹೇಬ್ರೆ.’ ನಮ್ಮ ಸೀಮೆಯಲ್ಲಿ ಹೊಸ ಪತ್ರಿಕೆ ಯಾರಿಗೂ ಬೇಡ. ಅಕ್ಕನ ಪತ್ರಿಕೆ ತಂಗಿಗೆ, ಅಣ್ಣನದು ತಮ್ಮನಿಗೆ. ಅದೇ ಗಣಪತಿ, ಅದೇ ಒಕ್ಕಣೆ, ಹಿರಿಯರ ಹೆಸರು ಅದೇ ಸಾಲಿನಲ್ಲಿ. ಒಂದು ಸಾಲು ಮೇಲೆ ಕೆಳಗೆ ಆದರೆ ದಾಯಾದಿಗಳು ಊಟಕ್ಕೆ ಬರುವುದಿಲ್ಲ. ಹಾಗಾಗಿ ಹಳೆಯ ಫೈಲು ಬೇಕು.

ಸಲ್ಮಾನ್ ಹೇಳಿದ್ದು: ‘ಅಂಕಲ್, ನೀವು ಇಟ್ಟಿರೋ ಹೆಸ್ರು ನಿಮ್ಗೆ ಬಿಟ್ರೆ ಯಾರ್ಗೂ ಅರ್ಥ ಆಗಲ್ಲ. ಎಂಟು ತಿಂಗ್ಳಿಂದ ಒಂದು ಫೈಲೂ ಸಿಕ್ಕಿಲ್ಲ.’ ತಪ್ಪು ಮಾತಲ್ಲ.

ತೀರ್ಮಾನ ಇಷ್ಟು. ಹಳೆಯ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಹೋದ ವಾರವೇ ನನ್ನದಕ್ಕೆ ಹಾಕಿಕೊಟ್ಟಿದ್ದಾರೆ. ಸಂಕ್ರಾಂತಿಯೊಳಗೆ ಊರಿನ ಪ್ರಕಾರ ವಿಂಗಡಿಸಬೇಕು. ಗಿರಾಕಿ ನಿಂತಿರುವಾಗಲೇ ಫೈಲು ತೆಗೆದುಕೊಡಬೇಕು. ಆದರೆ ಕುರ್ಚಿ ನನ್ನದು — ಟೈಪಿಂಗ್ ನಾನು, ಬಣ್ಣ ಡಿಸೈನು ಸಲ್ಮಾನ್. ಆಗದಿದ್ದರೆ ಬೇರೆಯವರು. ಸಾಹೇಬರು ಈ ಕೊನೆಯ ಮಾತು ಹೇಳುವಾಗ ಎದ್ದು ಕಿಟಕಿಯ ಹತ್ತಿರ ಹೋದರು. ಕಾಲು ಕಂಡಿತು.

ಕುರ್ಚಿ ಬೇಕು. ಸಂಬಳಕ್ಕಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಹೆಚ್ಚಾಗಿ, ಬೆಳಗ್ಗೆ ಎದ್ದು ಅಂಗಿ ತೊಟ್ಟು ಎಲ್ಲಿಗಾದರೂ ಹೋಗಬೇಕು. ಎಂಟು ತಿಂಗಳು ಮನೆಯಲ್ಲಿ ಕೂತು ಗಿರಿಜಾಳ ಅಡುಗೆಯಲ್ಲಿ ಹುಳುಕು ತೆಗೆಯುವುದನ್ನು ಕಲಿತಿದ್ದೇನೆ. ಅದು ಇಬ್ಬರಿಗೂ ಒಳ್ಳೆಯದಲ್ಲ.

ಡಿಸೆಂಬರ್ 21, ಶನಿವಾರ

ಹೆಸರಿನ ವಿಚಾರ. ನನಗೆ ಮನುಷ್ಯರ ಹೆಸರು ನಿಲ್ಲುವುದಿಲ್ಲ. ಮೊದಲಿನಿಂದಲೂ ಇಲ್ಲ. ಮುಖ ನಿಲ್ಲುತ್ತಿತ್ತು. ಸೇವ್ ಮಾಡುವಾಗ ತಲೆಯೆತ್ತಿ ಎದುರಿಗೆ ನಿಂತವರನ್ನು ಒಂದು ಸಲ ನೋಡುವುದು, ಕಣ್ಣಿಗೆ ಬಿದ್ದದ್ದನ್ನು ಬರೆಯುವುದು. ಕೆಂಪು ಸೀರೆ ಅಮ್ಮ. ಕೊಡೆ ಮರೆತವರು. ಗದ್ದದ ಮೇಲೆ ಮಚ್ಚೆ. ಅಳುವ ಅಪ್ಪ. ನಾಲ್ಕು ವರ್ಷದ ಮೇಲೆ ಎರಡನೇ ಮಗಳ ಮದುವೆಗೆ ಅದೇ ಮುಖ ಬಂದು ನಿಂತರೆ ಫೈಲು ತಾನಾಗಿ ನೆನಪಾಗುತ್ತಿತ್ತು. ಕಣ್ಣಿದ್ದಾಗ ಇದಕ್ಕಿಂತ ಒಳ್ಳೆಯ ಪದ್ಧತಿ ಇರಲಿಲ್ಲ.

ಈಗ ಶಾನುಭೋಗ ಒಂದೊಂದೇ ಓದುತ್ತಾನೆ. ಓದಿದ ಕೂಡಲೇ ಮುಖ ಬರುತ್ತದೆ. ಮಸಿಯಿಲ್ಲದ ಮುಖ. ಎಂಟು ತಿಂಗಳಲ್ಲಿ ಇಷ್ಟು ಜನರನ್ನು ನೋಡಿರಲಿಲ್ಲ. ಬೆಳಗಿನಿಂದ ಖುಷಿಯಾಗಿದ್ದೇನೆ, ಸುಳ್ಳು ಹೇಳಬೇಕೇಕೆ.

ಗಿರಿಜಾ ಹೂ ಕಟ್ಟುತ್ತ ಕೇಳಿಸಿಕೊಳ್ಳುತ್ತಿದ್ದಳು. ಶಾನುಭೋಗ ಹೇಳಿಯೇಬಿಟ್ಟ — ‘ಉದ್ದ ಜಡೆ.’ ಆಮೇಲೆ ‘ಉದ್ದ ಜಡೆ ಎರಡು.’

‘ಯಾರು?’

‘ದಬ್ಬೇಘಟ್ಟದೋರು ಕಣೇ. ತಮ್ಮನ ಮದುವೆಗೆ ಬಂದಿದ್ರು.’

‘ಎರಡ್ನೇ ಸಲ ಯಾಕ್ ಬಂದ್ರು?’

‘ಇನ್ನೊಬ್ಬ ತಮ್ಮನ ಮದುವೆ.’

‘ತಮ್ಮಂದ್ರು ಜಾಸ್ತಿ ಆಯಮ್ಮಂಗೆ. ಇನ್ನೂ ಎಷ್ಟಿದಾವೆ, ಓದ್ಸಿ, ಕೇಳಾನ.’ ಮಲ್ಲಿಗೆ ದಾರ ಹಲ್ಲಲ್ಲಿ ಕಚ್ಚಿಕೊಂಡೇ ಅಂದಳು. ನಗುತ್ತಿದ್ದಳು. ಕಾಣದಿದ್ದರೂ ಗೊತ್ತಾಗುತ್ತದೆ, ಮದುವೆಯಾಗಿ ಇಪ್ಪತ್ತೆರಡು ವರ್ಷ.

ಡಿಸೆಂಬರ್ 24, ಮಂಗಳವಾರ. ಬೆಳಗ್ಗೆ 11:30

ಇಸ್ರಾರ್ ಪಾಠ. mkdir ಎಂದರೆ ಹೊಸ ಫೋಲ್ಡರು ಕಟ್ಟುವುದು. mv ಎಂದರೆ ಎತ್ತಿ ಅಲ್ಲಿಗೆ ಸಾಗಿಸುವುದು. ಮೊದಲು ಫೈಲಿನ ಹೆಸರು, ಆಮೇಲೆ ಹೋಗಬೇಕಾದ ಜಾಗ. mkdir ತುರುವೇಕೆರೆ. mv ಅವಸರದ ಚಿಕ್ಕಪ್ಪ, ತುರುವೇಕೆರೆ. ಎಂಟರ್.

ಶಾನುಭೋಗ ಸುಮ್ಮನಿದ್ದ.

‘ಏನಾಯ್ತಲಾ? ಹೋಯ್ತಾ ಇಲ್ವಾ?’

‘ಹೋಯ್ತು. ಆದ್ರೆ ಏನೂ ಹೇಳಲ್ಲ ಕಣ್ಲಾ ಇದು. ತಪ್ಪಿದ್ರೆ ಮಾತ್ರ ಬಾಯ್ಬಿಡ್ತದೆ.’

ಜೋರಾಗಿ ನಕ್ಕುಬಿಟ್ಟೆ. ನಮ್ಮ ಸಾಹೇಬರೇ! ಪ್ರೂಫ್ ಹಾಳೆ ಮುಂದಿಟ್ಟರೆ, ತಪ್ಪಿದ್ದರೆ ಬೆರಳಿಟ್ಟು ಬೈಯುವರು. ಸರಿಯಿದ್ದರೆ ಒಂದು ಮಾತಿಲ್ಲ. ಹಾಳೆ ಎಡಗಡೆಗೆ ಸರಿಸುವರು, ಅಷ್ಟೇ, ಮೆಷಿನ್ನಿಗೆ ಹೋಯಿತು. ಕೆಲಸಕ್ಕೆ ಸೇರಿದ ಮೊದಲ ವಾರ ಅವರ ಮುಂದೆ ಕಾಲು ಗಂಟೆ ನಿಂತಿದ್ದೆ, ಏನಾದರೂ ಅನ್ನುತ್ತಾರೆಂದು. ಇಪ್ಪತ್ನಾಲ್ಕು ವರ್ಷ ಆ ಮೌನದ ಕೆಳಗೆ ದುಡಿದವನಿಗೆ ಈ ಯಂತ್ರ ಹೊಸದಲ್ಲ. ಇಸ್ರಾರ್‌ಗೆ ಹೇಳಿದೆ, ‘ನೀನು ಹೋಗಪ್ಪ, ಇನ್ನು ನಾನು ನೋಡ್ಕೊತೀನಿ.’

‘ಮಧ್ಯ ಮಧ್ಯ ls ಹೊಡ್ದು ನೋಡ್ಕೊ.’

ಹೂಂ ಎಂದೆ.

ಡಿಸೆಂಬರ್ 28

ತುರುವೇಕೆರೆ ಮುಗಿಯಿತು. ದಬ್ಬೇಘಟ್ಟ ಮುಗಿಯಿತು. ನೊಣವಿನಕೆರೆ ಅರ್ಧ. ಬೆರಳು ದಾರಿ ಹಿಡಿದಿದೆ. ಹೆಸರಿನ ಮೊದಲ ಎರಡಕ್ಷರ ಹೊಡೆದು ಟ್ಯಾಬ್ ಒತ್ತಿದರೆ ಉಳಿದದ್ದು ತಾನೇ ತುಂಬಿಕೊಳ್ಳುತ್ತದೆ. ಇಂಥ ಸುಖ ಮೌಸಿನಲ್ಲಿ ಇರಲಿಲ್ಲ.

ಸಲ್ಮಾನ್ ಫೋನ್ ಮಾಡಿದ್ದ. ‘ಅಂಕಲ್, ಹಳೇ ಡಿಸ್ಕು ಖಾಲಿ ಮಾಡ್ಲಾ? ಅಂಗಡಿ ಕ್ಯಾಮೆರಾಗೆ ಬೇಕಿತ್ತು.’ ಎಲ್ಲ ನನ್ನ ಹತ್ತಿರ ಇದೆ, ಮಾಡಪ್ಪ ಎಂದೆ. ದೊಡ್ಡ ಮನುಷ್ಯನ ಹಾಗೆ.

ಡಿಸೆಂಬರ್ 30, ಸೋಮವಾರ. ಸಂಜೆ 5

ಇವತ್ತು ಪೂರ್ತಿ ಹಂದನಕೆರೆ. ನಲವತ್ತಮೂರು ಮದುವೆ. ಒಂದೊಂದನ್ನೇ ಎತ್ತಿ ಸಾಗಿಸಿದೆ, ಒಂದೊಂದು ಮುಖವನ್ನೂ ಬೀಳ್ಕೊಟ್ಟೆ. ದೊಡ್ಡ ಮೂಗು. ಕೆಂಪು ಮೊಪೆಡ್. ಅಳುವ ಅಪ್ಪ — ಮಗಳ ಹೆಸರು ಬರೆಸುವಾಗ ಪ್ರೆಸ್ಸಿನಲ್ಲೇ ಅತ್ತುಬಿಟ್ಟಿದ್ದ, ಸಾಹೇಬರು ಟೀ ತರಿಸಿದ್ದರು. ಹಲ್ಲಿಲ್ಲದ ನಗು. ಬೀಗರ ಮೇಲೆ ಸಿಟ್ಟು. ಕೊನೆಗೆ ಕೊಡೆ ಮರೆತವರು. ನಲವತ್ತಮೂರು ಸಲ ಎಂಟರ್, ನಲವತ್ತಮೂರು ಸಲ ಮೌನ. ಒಂದು ತಪ್ಪೂ ಇಲ್ಲ.

ಗಿರಿಜಾ ಪಾಯಸ ಮಾಡಿದಳು. ಕಾರಣ ಕೇಳಿದರೆ ಹಾಲು ಮಿಕ್ಕಿತ್ತು ಅಂದಳು.

ಜನವರಿ 4, ಶನಿವಾರ. ಬೆಳಗ್ಗೆ 11

ಎಲ್ಲಿಂದ ಬರೆಯಲಿ.

ಸಲ್ಮಾನ್ ಫೋನ್. ಹಂದನಕೆರೆಯಿಂದ ಸಿದ್ದಗಂಗಮ್ಮ ಎಂಬ ಅಜ್ಜಿ ಹೇಳಿಕಳಿಸಿದ್ದಾರೆ, ಕಿರಿಯ ಮೊಮ್ಮಗಳ ಮದುವೆ. ಹದಿನಾರನೇ ತಾರೀಕು ಮನೆಯವರು ಬರುತ್ತಾರೆ. ಹಿರಿಯ ಮೊಮ್ಮಗಳ ಪತ್ರಿಕೆಯ ಹಾಗೇ ಇರಬೇಕು. ಅದರಲ್ಲಿ ಅವರ ಯಜಮಾನರು ತಾವೇ ಕಟ್ಟಿದ ನಾಲ್ಕು ಸಾಲು ಪದ್ಯವಿತ್ತು, ಅದು ಇರಲೇಬೇಕು. ಯಜಮಾನರು ಈಗಿಲ್ಲ.

‘ಗೊತ್ತಪ್ಪ, ಈಗ್ಲೇ ತೆಗೀತೀನಿ’ ಎಂದು ಫೋನ್ ಹಿಡಿದೇ cd ಹಂದನಕೆರೆ ಹೊಡೆದೆ. ಫೋಲ್ಡರಿನ ಒಳಕ್ಕೆ ಹೋಗುವ ಆಜ್ಞೆ ಅದು.

ಶಾನುಭೋಗ ಬಾಯಿಬಿಟ್ಟ. ಅದು ಫೋಲ್ಡರ್ ಅಲ್ಲ ಎಂದ.

ಮತ್ತೆ ಹೊಡೆದೆ. ಅಲ್ಲ. ಮತ್ತೆ. ಅಲ್ಲ. ಸಂಜೆ ಮಾಡುತ್ತೇನೆ ಎಂದು ಫೋನ್ ಇಟ್ಟೆ.

ಹಂದನಕೆರೆ ಎಂಬ ಹೆಸರಿನಲ್ಲಿ ಒಂದೇ ಒಂದು ಫೈಲು ಇದೆ. ತೆರೆದು ಸಾಲು ಓದಿಸಿದೆ. ಕೊಡೆ ಮರೆತವರ ಮಗನ ಮದುವೆ. ಉಳಿದ ನಲವತ್ತೆರಡು ಇಲ್ಲ.

ಮಧ್ಯಾಹ್ನ 3. ಇಸ್ರಾರ್ ಬಂದು ಹೋದ. ಎರಡು ಗಂಟೆ ಕಾಲ ಏನೇನೋ ಹೊಡೆದ. ಕೊನೆಗೆ ಹೇಳಿದ. ‘mkdir ಮಾಡೋದು ಮರ್ತಿದೀಯ ಕಣ್ಲಾ. ಫೋಲ್ಡ್ರೇ ಇಲ್ಲ. ಇಲ್ದೇ ಇರೋ ಜಾಗಕ್ಕೆ ಸಾಗ್ಸು ಅಂದ್ರೆ, ಆ ಫೈಲಿಗೇ ಆ ಹೆಸ್ರು ಇಟ್ಬುಡ್ತದೆ. ಎರಡ್ನೇದು ಬಂದು ಮೊದಲ್ನೇದ್ರ ಮೇಲೆ ಕೂತ್ಕೊತು. ಮೂರ್ನೇದು ಎರಡ್ನೇದ್ರ ಮೇಲೆ. ಕೊನೇದು ಮಾತ್ರ ಉಳಿದದೆ.’

‘ಹೇಳಬಾರದಾ ಅದು? ಒಂದು ಮಾತು?’

‘ಅದ್ರ ಲೆಕ್ಕದಾಗೆ ತಪ್ಪೇ ಆಗಿಲ್ವಲ್ಲೋ.’

ಹಳೆಯ ಡಿಸ್ಕು ಖಾಲಿಯಾಗಿ ಕ್ಯಾಮೆರಾ ಸೇರಿದೆ, ಈಗ ಪ್ರೆಸ್ಸಿನ ಬಾಗಿಲಿಗೆ ಬಂದುಹೋಗುವ ಬೆಕ್ಕುಗಳನ್ನು ಚಿತ್ರ ಹಿಡಿಯುತ್ತಿದೆ.

ನಾನೇ ಮಾಡಿದ್ದು. ಮೌನ ಕಂಡರೆ ಸರಿ ಎಂದುಕೊಳ್ಳುವ ಅಭ್ಯಾಸ. ಮಧ್ಯೆ ಒಂದು ಸಲ ls ಹೊಡೆದಿದ್ದರೆ ಸಾಕಿತ್ತು. ಆ ಪದ್ಯದಲ್ಲಿ ನನಗೆ ನೆನಪಿರುವುದು ಕೊನೆಯ ಸಾಲು ಮಾತ್ರ — ‘ಜಗಳವಿದ್ದರೆ ನಾಳೆ ಆಡಿ.’ ಟೈಪ್ ಮಾಡುವಾಗ ನಕ್ಕಿದ್ದೆ, ಅದಕ್ಕೇ ಉಳಿದಿದೆ.

ಜನವರಿ 9, ಗುರುವಾರ

ಐದು ದಿನ ಬರೆದಿಲ್ಲ. ಸಾಹೇಬರಿಗೆ ಹೇಳಿಲ್ಲ. ಸಲ್ಮಾನ್ ಎರಡು ಸಲ ಫೋನ್ ಮಾಡಿದ, ಜ್ವರ ಎಂದು ಗಿರಿಜಾ ಕೈಲಿ ಹೇಳಿಸಿದೆ. ಸುಳ್ಳು ಹೇಳಿಸಿದ್ದಕ್ಕೆ ಅವಳಿಗೆ ಸಿಟ್ಟು. ಅವಳ ಸಿಟ್ಟಿಗೆ ನಾನೂ ಸಿಟ್ಟಾದೆ. ಉಪ್ಪಿಲ್ಲ ಎಂದು ತಟ್ಟೆ ಸರಿಸಿದೆ. ಉಪ್ಪು ಇತ್ತು.

ಹೋಗಿ ಹೇಳಬೇಕು. ಹೇಳಿದರೆ ಕುರ್ಚಿ ಹೋಗುತ್ತದೆ, ನ್ಯಾಯವೇ. ಹೋಗುವ ಕುರ್ಚಿಗಿಂತ ಹೆಚ್ಚಾಗಿ ಬೇರೆ ಒಂದು ಕಾಡುತ್ತಿದೆ. ಅಳುವ ಅಪ್ಪ, ದೊಡ್ಡ ಮೂಗು, ಹಲ್ಲಿಲ್ಲದ ನಗು — ನಲವತ್ತೆರಡು ಮನೆಯವರು ನನ್ನನ್ನು ನಂಬಿ ಬರೆಸಿಹೋದದ್ದು. ಕೈಯಾರೆ ಒರೆಸಿದೆ.

ಮಧ್ಯಾಹ್ನ 2. ಗಿರಿಜಾ ಅಕ್ಕಿ ಆರಿಸುತ್ತಿದ್ದಳು. ಮೊರದ ಸದ್ದು ನಿಂತಿತು.

‘ಅಲ್ರೀ, ಪತ್ರಿಕೆ ನಿಮ್ ಕಂಪ್ಯೂಟ್ರಾಗೆ ಮಾತ್ರ ಇರೋದಾ? ಹಂಚಿದ್ದು ಏನಾಯ್ತು?’

‘ಯಾರ ಮನೇಲೋ ಇರುತ್ತೆ.’

‘ಯಾರ ಮನೇಲೋ ಯಾಕೆ, ಅವ್ರ ಮನೇಲೇ ಇರುತ್ತೆ. ನಮ್ದು ಇಲ್ವಾ, ಟ್ರಂಕಿನಾಗೆ, ಧಾರೆ ಸೀರೆ ಮಡಿಕೆ ಒಳ್ಗೆ? ಅರಿಶಿನ ಹಚ್ಚಿದ ಪತ್ರಿಕೆ ಯಾರಾದ್ರೂ ಬಿಸಾಕ್ತಾರಾ?’

ಪೆಚ್ಚಾಗಿ ಕೂತೆ. ಆಮೇಲೆ ಹೇಳಿದೆ, ಹೆಸರೇ ಗೊತ್ತಿಲ್ಲವಲ್ಲ ಕಣೇ, ಮುಖ ಮಾತ್ರ ಗೊತ್ತು, ಯಾರ ಮನೆ ಅಂತ ಹುಡುಕೋದು.

‘ನಿಮ್ಗೆ ಗೊತ್ತಿಲ್ಲ. ಊರೋರ್ಗೆ ಗೊತ್ತಿರಲ್ವಾ?’

ಸಂಜೆ 4. ಇಸ್ರಾರ್‌ಗೆ ಫೋನ್. history ಎಂಬ ಆಜ್ಞೆ ಇದೆಯಂತೆ, ನಾನು ಇದುವರೆಗೆ ಹೊಡೆದ ಸಾಲೆಲ್ಲ ಹೇಳುತ್ತದಂತೆ. ಅದರಲ್ಲಿ ಹಂದನಕೆರೆ ಇರುವ ಸಾಲು ಮಾತ್ರ ಹೆಕ್ಕುವುದಕ್ಕೆ grep. ಹೊಡೆದೆ. ಶಾನುಭೋಗ ಶುರು ಮಾಡಿದ. ನನ್ನ ತಪ್ಪುಗಳು, ಒಂದಾದ ಮೇಲೊಂದು, ನಲವತ್ತಮೂರು. ಗಿರಿಜಾ ಹಳೆಯ ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಒಂದೊಂದು ಹೆಸರಿಗೂ ನಕ್ಕಳು. ಐದು ದಿನದ ಮೇಲೆ.

ಜನವರಿ 11, ಶನಿವಾರ. ಸಂಜೆ 6

ಹಂದನಕೆರೆಗೆ ಹೋಗಿ ಬಂದೆವು. ಮರೆಯುವ ಮೊದಲು ಬರೆಯುತ್ತೇನೆ.

ಹುಳಿಯಾರು ಬಸ್ಸು ಹತ್ತಿ ಹಂದನಕೆರೆಯಲ್ಲಿ ಇಳಿದಾಗ ಒಂಬತ್ತೂವರೆ. ಬಸ್ ನಿಲ್ಲುವಲ್ಲೇ ಟೀ ಅಂಗಡಿ. ಗಿರಿಜಾ ನೋಟುಬುಕ್ ಹಿಡಿದು ನಿಂತಳು. ನನಗೆ ನಾಚಿಕೆ. ಏನೆಂದು ಕೇಳುವುದು? ಅವಳೇ ಕೇಳಿದಳು. ‘ಅಣ್ಣಾ, ನಿಮ್ಮೂರಾಗೆ ಕೆಂಪು ಮೊಪೆಡ್ ಇಟ್ಕೊಂಡು, ಹನ್ನೆರಡು ವರ್ಷದ್ ಹಿಂದೆ ಮಗನ ಮದುವೆ ಮಾಡ್ದೋರು ಯಾರು?’

ಟೀ ಸೋಸುವ ಸದ್ದು ನಿಂತಿತು. ‘ಕೆಂಪು ಮೊಪೆಡ್ಡಾ? ರಂಗಮ್ಮನ ಗಂಡ ಕಣಕ್ಕ. ಗಾಡಿ ಮಾರ್ಬುಟ್ರು. ಯಾಕೆ?’

ಹೇಳಿದೆವು. ಇದ್ದದ್ದು ಇದ್ದ ಹಾಗೆ. ಕಣ್ಣು, ಕಂಪ್ಯೂಟರು, ಒಂದರ ಮೇಲೊಂದು ಕೂತದ್ದು. ಬೆಂಚಿನಿಂದ ಇಬ್ಬರು ಎದ್ದು ಹತ್ತಿರ ಬಂದರು. ಆಮೇಲೆ ನಾಲ್ವರು. ಗಿರಿಜಾ ಪಟ್ಟಿ ಓದುವುದು, ಅವರು ಹೇಳುವುದು.

‘ಅಳುವ ಅಪ್ಪ?’

‘ಮೇಲಿನ ಬೀದಿ ಶಾಲೆ ಮೇಷ್ಟ್ರು. ಈಗ್ಲೂ ಅಂಗೇ, ಮೊನ್ನೆ ಕರು ಮಾರಿದ್ದಕ್ಕೆ ಅತ್ರು.’

‘ಬೀಗರ ಮೇಲೆ ಸಿಟ್ಟು?’

‘ಅದು ಬೇಕಾದಷ್ಟು ಜನ ಅವ್ರೆ, ಬೇರೆ ಗುರುತು ಹೇಳಿ.’

‘ದೊಡ್ಡ ಮೂಗು’ ಎಂದು ಗಿರಿಜಾ ಓದಿದಾಗ ಎಲ್ಲರೂ ಒಟ್ಟಿಗೆ ನಕ್ಕರು. ನನ್ನ ಬಲಗಡೆಯಿಂದ ಒಂದು ಗಡಸು ದನಿ. ‘ನಾನೇ ಕಣ್ರೀ. ದೊಡ್ಡಣ್ಣ. ಹೆಸ್ರೂ ದೊಡ್ದು, ಮೂಗೂ ದೊಡ್ದು. ನಮ್ ಮನೆ ಪತ್ರಿಕೆ ಮೇಲೆ ಇದನ್ನ ಅಚ್ಚು ಮಾಡಿಲ್ಲ ತಾನೇ?’

ಕೈ ಮುಗಿದೆ. ಅವರು ನನ್ನ ಕೈ ಹಿಡಿದು ತಮ್ಮ ಮೂಗಿಗೆ ಮುಟ್ಟಿಸಿದರು. ‘ನೋಡ್ಕೊಳಿ, ಇನ್ನೂ ಬೆಳೆದೈತೆ.’

ಆಮೇಲೆ ನಾವು ಹುಡುಕಬೇಕಾಗಲೇ ಇಲ್ಲ. ಊರೇ ಹುಡುಕಿತು. ದೊಡ್ಡಣ್ಣ ಮುಂದೆ, ನಾವು ಹಿಂದೆ. ಟ್ರಂಕು ತೆಗೆಯುವ ಸದ್ದು, ನುಸಿಗುಳಿಗೆಯ ವಾಸನೆ, ಅರಿಶಿನದ ಮೂಲೆ. ಮೂರು ಮನೆಯಲ್ಲಿ ಊಟ ಮಾಡಿ ಎಂದರು, ಒಂದರಲ್ಲಿ ಬಿಡಲಿಲ್ಲ. ಗಿರಿಜಾ ಒಂದೊಂದನ್ನೂ ಮೊಬೈಲಿನಲ್ಲಿ ಫೋಟೋ ಹಿಡಿದಳು. ಬೋರನಕಣಿವೆ ಕಡೆಗೆ ಕೊಟ್ಟ ಮಗಳ ಹತ್ತಿರ ಒಂದು ಉಳಿದಿತ್ತು, ಅವಳು ಫೋನಿನಲ್ಲೇ ಕಳಿಸಿದಳು. ಹೊರಡುವ ಹೊತ್ತಿಗೆ ಮೂವತ್ತೊಂಬತ್ತು ಸಿಕ್ಕಿದ್ದವು. ಮೂರು ಮಾತ್ರ ಸಿಗಲಿಲ್ಲ — ಎರಡು ಮನೆಯವರು ಊರು ಬಿಟ್ಟಿದ್ದಾರೆ, ಒಂದನ್ನು ಗೆದ್ದಲು ತಿಂದಿದೆ.

ಸಿದ್ದಗಂಗಮ್ಮನ ಮನೆಗೆ ಹೋದಾಗ ಮೂರು ಗಂಟೆ. ಅಂಗಳದಲ್ಲಿ ಕೊಬ್ಬರಿ ಒಡೆಯುತ್ತಿದ್ದರು, ಚಿಪ್ಪಿನ ರಾಶಿಯಿಂದ ಕಾಲಿಗೆ ದಾರಿಯಿಲ್ಲ. ಅಜ್ಜಿ ಪತ್ರಿಕೆಯನ್ನು ದೇವರ ಗೂಡಿನಿಂದ ತೆಗೆದುಕೊಟ್ಟರು. ಗಿರಿಜಾ ನಿಂತಲ್ಲೇ ಓದಿದಳು.

ಬಿಸಿಲಿರಲಿ ಮಳೆಯಿರಲಿ ಬನ್ನಿ ನಮ್ಮ ಮನೆಗೆ,
ಚಾಪೆ ಹಾಸಿದ್ದೇವೆ ತೆಂಗಿನ ಅಡಿಗೆ.
ಉಡುಗೊರೆ ಬೇಡ, ಊಟ ಬಿಡಬೇಡಿ,
ಜಗಳವಿದ್ದರೆ ನಾಳೆ ಆಡಿ.

ಅಜ್ಜಿ ಕೇಳಿಸಿಕೊಂಡು ನನ್ನ ಹತ್ತಿರ ಬಂದು ಕೂತರು. ‘ನಾನು ಏನಂತ ಇದೀನಪ್ಪ ನಿನ್ ಪುಸ್ತಕದಾಗೆ?’

ಹೇಳಲೋ ಬೇಡವೋ. ಹೇಳಿದೆ. ‘ಹಲ್ಲಿಲ್ಲದ ನಗು ಅಜ್ಜಿ.’

‘ಅಯ್ಯೋ ಶಿವನೇ. ಈಗ ಹಲ್ಲು ಕಟ್ಸಿದೀನಲ್ಲೋ! ಮೊಮ್ಮಗ ಬಲವಂತ ಮಾಡಿ ಕಟ್ಸ್‌ದ. ಮೇಲೂ ಕೆಳಗೂ.’

‘ಹಂಗಾದ್ರೆ ಹೆಸರು ಬದಲಾಯಿಸ್ತೀನಿ ಅಜ್ಜಿ.’

‘ಬ್ಯಾಡ ಬುಡು. ನೀನು ಕಂಡಿದ್ದು ಅದ್ನೇ ಅಲ್ವಾ. ಇರು.’

ಏನೋ ಕಳಚಿದ ಸದ್ದು. ಪಕ್ಕದ ತಟ್ಟೆಗೆ ಟಕ್ ಎಂದು ಇಟ್ಟರು. ಮೊಮ್ಮಗಳು ‘ಅಜ್ಜೀ!’ ಎಂದು ಕೂಗಿದಳು. ಆಮೇಲೆ ಅಜ್ಜಿ ನಕ್ಕರು. ಗಾಳಿ ತುಂಬಿದ ನಗು, ಬುಸು ಬುಸು. ಒಂಬತ್ತು ವರ್ಷದ ಹಿಂದೆ ಪ್ರೆಸ್ಸಿನ ಕೌಂಟರಿನ ಮುಂದೆ ನಕ್ಕದ್ದು ಅದೇ. ಮುಖ ಪೂರ್ತಿ ಬಂತು. ಹಣೆಯ ವಿಭೂತಿ, ಒಳಕ್ಕೆ ಹೋದ ತುಟಿ, ಗದ್ದದ ಮೇಲೆ ಹಸಿರು ಹಚ್ಚೆಯ ಮೂರು ಚುಕ್ಕಿ.

ನನಗೆ ಅಳು ಬಂತು. ಬಂದದ್ದನ್ನು ಬರೆದಿದ್ದೇನೆ. ಅಳುವ ಅಪ್ಪನ ಊರಿನಲ್ಲಿ ಅತ್ತರೆ ಯಾರೂ ತಪ್ಪು ತಿಳಿಯುವುದಿಲ್ಲ ಎಂದು ದೊಡ್ಡಣ್ಣ ಹೇಳಿದರು.

ಜನವರಿ 13, ಸೋಮವಾರ

ಗಿರಿಜಾ ಓದುತ್ತಾಳೆ, ನಾನು ಟೈಪ್ ಮಾಡುತ್ತೇನೆ. ಇಪ್ಪತ್ತಾರು ಮುಗಿಯಿತು. ಅವಳು ಓದುವಾಗ ಮಧ್ಯೆ ಸಂಬಂಧ ಹುಡುಕುತ್ತಾಳೆ — ‘ಈ ಹುಡುಗಿ ನಮ್ಮ ಸೋದರತ್ತೆ ಕಡೆಯೋಳು ಕಣ್ರೀ’ — ಅದಕ್ಕೇ ತಡ. ನನಗೇನೂ ಅವಸರವಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಾವಿಬ್ಬರೂ ಒಟ್ಟಿಗೆ ಕೂತು ಮಾಡಿದ ಮೊದಲ ಕೆಲಸ ಇದು. ಮೊದಲೇ ಯಾಕೆ ಮಾಡಲಿಲ್ಲ ಅನ್ನಿಸುತ್ತಿದೆ.

ಇಸ್ರಾರ್ ಹೊಸದು ಕಲಿಸಿದ. ಒಂದೇ ಫೈಲಿಗೆ ಎರಡು ಹೆಸರು ಇಡಬಹುದಂತೆ, ಎರಡು ಬಾಗಿಲಿನ ಮನೆಯ ಹಾಗೆ. ಊರು, ಮನೆತನ, ಇಸವಿ ಸಲ್ಮಾನ್‌ಗೆ. ದೊಡ್ಡ ಮೂಗು ನನಗೆ. ಯಾವುದನ್ನೂ ಅಳಿಸಬೇಕಾಗಿಲ್ಲ. ಉಳಿದ ಊರುಗಳನ್ನೂ ಹೀಗೇ ಮುಗಿಸುತ್ತಿದ್ದೇನೆ. ಈಗ ಪ್ರತಿ ಎಂಟರ್ ಆದ ಮೇಲೂ ls ಹೊಡೆಯುತ್ತೇನೆ. ಶಾನುಭೋಗನಿಗೆ ಬೇಜಾರಾದರೆ ಆಗಲಿ.

ಜನವರಿ 15, ಬುಧವಾರ. ಮಧ್ಯಾಹ್ನ 1

ಪ್ರೆಸ್ಸಿಗೆ ಹೋಗಿದ್ದೆ. ಒಬ್ಬನೇ.

ಮೊದಲು ಹೇಳಿದೆ. ನಿಂತುಕೊಂಡೇ. ಸಾಹೇಬರು ಬೈದರು. ಫೈಲು ಹೋದದ್ದಕ್ಕಲ್ಲ. ‘ಹತ್ತು ದಿನ ಮುಚ್ಚಿಟ್ಕೊಂಡ್ಯಲ್ಲ ತೋಂಟಪ್ಪ. ಜ್ವರ ಅಂತ ಹೇಳ್ಸಿದ್ಯಲ್ಲ. ನನ್ ಹತ್ರ? ನಾನೇನು ನಿನ್ನ ನುಂಗ್ತಿದ್ನಾ?’ ಮೆಷಿನ್ನಿನವರೂ ಕೇಳಿಸಿಕೊಂಡರು. ಬೈಸಿಕೊಳ್ಳಬೇಕಾದದ್ದೇ.

ಆಮೇಲೆ ಸಿದ್ದಗಂಗಮ್ಮನ ಮೊಮ್ಮಗಳ ಪತ್ರಿಕೆಯ ಪ್ರೂಫ್ ಮುಂದಿಟ್ಟೆ. ಹಿರಿಯರ ಸಾಲು ಹಾಗೇ, ಪದ್ಯ ಹಾಗೇ. ಹಾಳೆ ಎತ್ತಿಕೊಂಡ ಸದ್ದು. ಕನ್ನಡಕದ ಡಬ್ಬಿ ಮುಚ್ಚಿದ ಸದ್ದು.

ಮೌನ.

ಮೊದಲಾದರೆ ಹಾಳೆ ಎಡಕ್ಕೆ ಸರಿಯುವುದು ಕಾಣುತ್ತಿತ್ತು. ಈಗ ನೋಡಲು ಹೋದಲ್ಲಿ ಮಸಿ. ಹಾಳೆ ಎಲ್ಲಿದೆ ಗೊತ್ತಿಲ್ಲ. ಕೈಯಲ್ಲೇ ಇದೆಯೋ, ಬೆರಳಿಟ್ಟು ಯೋಚಿಸುತ್ತಿದ್ದಾರೋ. ಈ ಮೌನವನ್ನು ನಂಬಿಯೇ ನಲವತ್ತೆರಡು ಮದುವೆ ಕಳೆದವನು. ನಂಬಲಾರದೆ ನಿಂತೆ. ಎಷ್ಟು ಹೊತ್ತೋ.

ಸಾಹೇಬರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ಮೇಜು ಸುತ್ತಿ ಬಂದರು. ನನ್ನ ಭುಜದ ಮೇಲೆ ಕೈ.

‘ಸರಿ ಐತೆ ಕಣಪ್ಪ.’

ಇಪ್ಪತ್ನಾಲ್ಕು ವರ್ಷದಲ್ಲಿ ಮೊದಲ ಸಲ. ಮೆಷಿನ್ನಿನವರು ತಿರುಗಿ ನೋಡಿರಬೇಕು, ಚಕ್ರದ ಸದ್ದು ಒಂದು ಗಳಿಗೆ ತಪ್ಪಿತು. ‘ಇನ್ಮೇಲೆ ಬಾಯ್ಬಿಟ್ಟು ಹೇಳ್ತೀನಿ’ ಎಂದರು. ಸಲ್ಮಾನ್ ಪಕ್ಕದಿಂದ, ‘ನಮ್ಗೂ ಹೇಳಿ ಅಬ್ಬಾ’ ಎಂದ. ಅವನಿಗೆ ಮಾತ್ರ ಉತ್ತರ ಬರಲಿಲ್ಲ.

ಸಲ್ಮಾನ್ ಷರತ್ತು ಹಾಕಿದ. ಪ್ರತಿ ಶನಿವಾರ ಎರಡು ಡಿಸ್ಕಿಗೆ ನಕಲು, ಅವನ ಎದುರಿಗೇ. ಒಪ್ಪಿದೆ. ಸೋಮವಾರದಿಂದ ಬನ್ನಿ ಎಂದ.

ಮನೆಗೆ ಬಂದು ಗಿರಿಜಾಗೆ ಹೇಳಿದೆ. ಎದ್ದು ಒಳಗೆ ಹೋದಳು. ಒಳಗೆ ಇಸ್ತ್ರಿ ಪೆಟ್ಟಿಗೆ ತೆಗೆದ ಸದ್ದು.

ಜನವರಿ 20, ಸೋಮವಾರ. ಬೆಳಗ್ಗೆ 10:40

ಪ್ರೆಸ್ಸಿನಿಂದ ಬರೆಯುತ್ತಿದ್ದೇನೆ. ಕುರ್ಚಿಯ ಒಂದು ಕಾಲು ಮೊದಲಿನ ಹಾಗೇ ಕುಂಟುತ್ತದೆ. ಶಾನುಭೋಗ ಕಿವಿಗೆ ಸಿಕ್ಕಿಸಿದ ಇಯರ್‌ಫೋನಿನಲ್ಲಿ ಮಾತ್ರ, ಸಾಹೇಬರ ಆಜ್ಞೆ — ‘ಗಿರಾಕಿ ಮುಂದೆ ಅವ್ರ ಮೂಗಿನ್ ಸುದ್ದಿ ಎತ್ಬಾರ್ದು.’

ಹಳಬರು ಬಂದರೆ ಕಷ್ಟವಿಲ್ಲ. ಬೆಳಗಿನಿಂದ ಒಂದು ಭಯ ಇದೆ, ಗಿರಿಜಾಗೂ ಹೇಳಿಲ್ಲ. ಹೊಸಬರು ಬಂದರೆ? ತಲೆಯೆತ್ತಿದರೆ ಮುಖವಿಲ್ಲ. ಅವರನ್ನು ಏನೆಂದು ಇಟ್ಟುಕೊಳ್ಳಲಿ? ಸಲ್ಮಾನ್‌ನ ಊರು, ಮನೆತನ, ಇಸವಿ ಸಾಕು, ಕೆಲಸ ನಡೆಯುತ್ತದೆ. ಸಾಕೇ?

ಯಾರೋ ಮೆಟ್ಟಿಲು ಹತ್ತುತ್ತಿದ್ದಾರೆ. ಇಬ್ಬರು. ‘ಲಗ್ನಪತ್ರಿಕೆ ಮಾಡೋರು ಯಾರಪ್ಪ ಇಲ್ಲಿ?’ — ಹೆಂಗಸು, ಓಡಿ ಬಂದವರ ಉಸಿರು. ಸಲ್ಮಾನ್ ಹೇಳುತ್ತಿದ್ದಾನೆ, ‘ಅವ್ರೇ, ಅಲ್ಲಿ ಕೂತವ್ರೆ ನೋಡಿ.’

ಬಂದರು. ಹೊಸ ಚಪ್ಪಲಿ, ಕಚ್ಚುತ್ತಿರಬೇಕು, ಹೆಜ್ಜೆ ಎಳೆಯುತ್ತಿದ್ದಾರೆ. ಜೊತೆಯವನು ಗಂಡಸು, ಬಾಗಿಲಲ್ಲೇ ನಿಂತ. ಜೇಬಿನಲ್ಲಿ ಬೀಗದ ಕೈ ಆಡಿಸುತ್ತಿದ್ದಾನೆ. ಇವರ ಫೈಲಿಗೆ ಹೆಸರು ಸಿಕ್ಕಿತು — ಕಚ್ಚುವ ಚಪ್ಪಲಿ.